ದೆವ್ವ ಕೈಗೆ ಬಟ್ಟೆ ಸುತ್ತಿಕೊಂಡದ್ದು ಯಾಕೆ

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಪಕ್ಕದಲ್ಲಿ ಮಗಳು ಪವಿತ್ರ ಹತ್ತಿಯ ತುಂಡನ್ನು ಯಾವುದೋ ಸೀಸೆಯಲ್ಲಿ ಅದ್ದಿ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಜಗೋಪಾಲನಗರದ ಟೆಂಟು ಸಿನಿಮಾದ ಪ್ರೊಜೆಕ್ಟರ್ ಕ್ಯಾಬಿನ್ನಿನೊಳಗೆ ನಿಂತಿದ್ದೆ. ತುಂಡಾದ ಫಿಲಂ ಅಂಟಿಸುವ ಸೊಲ್ಯೂಷನ್ನಿಗೂ ಇದೇ ವಾಸನೆ. ಸಿಹಿಯೂ ಹೌದು, ಖಾರವೂ ಹೌದು, ಕಣ್ಣಂಚಿನಲ್ಲಿ ನೀರು ತರಿಸುವಂಥದ್ದು. ನಮ್ಮಪ್ಪ ಮುನಿಯಪ್ಪ ಆ ಟೆಂಟಿನ ಆಪರೇಟರ್. ಎಷ್ಟು ಸೋಪು ಹಚ್ಚಿ ತೊಳೆದರೂ ಅವನ ಬೆರಳಿನಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅವನು ಕಲಸಿ ಕೊಟ್ಟ ಅನ್ನದ ತುತ್ತಿನಲ್ಲೂ ಅದು ಇರುತ್ತಿತ್ತು, ನಾವು ಅದನ್ನೇ ಸಾರಿನ ವಾಸನೆ ಎಂದುಕೊಂಡು ಬೆಳೆದೆವು.

ಈಗಿನ ಮಕ್ಕಳಿಗೆ ಟೆಂಟು ಎಂದರೆ ಗೊತ್ತಾಗುವುದಿಲ್ಲ, ನಿಮಗೆ ನೆನಪಿರಬಹುದು. ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿದವರು ಗ್ರೀಸು ಮೆತ್ತಿದ ಕೈಯಲ್ಲೇ ಬಂದು ಮರಳಿನ ಮೇಲೆ ಕೂರುತ್ತಿದ್ದರು. ನಡುವೆ ಮೋಟು ಗೋಡೆ, ಆ ಕಡೆ ಹೆಂಗಸರು, ಈ ಕಡೆ ಗಂಡಸರು. ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವಳು ನಮ್ಮಮ್ಮ. ಟೆಂಟಿನ ಹಿಂದಿನ ಎರಡು ಕೋಣೆಯ ಶೀಟಿನ ಮನೆಯೇ ನಮ್ಮ ಮನೆ. ಗಡಿಯಾರ ಇರಲಿಲ್ಲ, ಬೇಕೂ ಇರಲಿಲ್ಲ. ಮೊದಲನೇ ಹಾಡು ಕೇಳಿಸಿದರೆ ಅಜ್ಜಿ ಒಲೆಗೆ ಎಸರಿಡುತ್ತಿದ್ದಳು, ಇಂಟರ್ವೆಲ್ಲಿಗೆ ಮುದ್ದೆ ತಿರುವುತ್ತಿದ್ದಳು, ಫೈಟಿಂಗ್ ಶುರುವಾದರೆ ತಟ್ಟೆ ಹಾಕುತ್ತಿದ್ದಳು. ಫೈಟಿಂಗ್ ಇಲ್ಲದ ಸಿನಿಮಾ ಬಂದ ವಾರವೆಲ್ಲ ನಮಗೆ ಊಟ ತಡವಾಗುತ್ತಿತ್ತು. ಈಗ ಅಲ್ಲಿ ಬಟ್ಟೆ ಗೋಡೌನ್ ಇದೆ. ಆ ಮರಳು, ಮರಳಿನಲ್ಲಿ ಹುದುಗಿರುತ್ತಿದ್ದ ಕಡಲೆಕಾಯಿ ಸಿಪ್ಪೆ, ನಮ್ಮ ಮನೆಯ ಒಲೆ, ಎಲ್ಲದರ ಮೇಲೂ ಕಾಂಕ್ರೀಟು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ಕಾಮಾಲೆಯಿಂದ ತೀರಿಕೊಂಡಳು. ಕಾರ್ಯ ಮುಗಿದ ಮೇಲೆ ನನ್ನನ್ನು ಕೆಲವು ದಿನ ಬೇಗೂರಿನ ಮಾವನ ಮನೆಗೆ ಕಳಿಸಿದ್ದರು. ಮಾವ ನನ್ನನ್ನು ವಾಪಸು ಕರೆದುಕೊಂಡು ಬಂದ ದಿನ ಬಸ್ಸಿಳಿಯುವಾಗಲೇ ಟೆಂಟಿನೊಳಗೆ ಜನ ನಗುವ ಸದ್ದು ಕೇಳಿಸಿತು. ಅಂಥಿಂಥ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುವ ನಗು. ದೆವ್ವದ ಕಾಮಿಡಿ ಸಿನಿಮಾ ಓಡುತ್ತಿತ್ತು. ಅಮ್ಮ ಹೋಗಿ ಇಪ್ಪತ್ತು ದಿನ ಆಗಿರಲಿಲ್ಲ. ಸತ್ತ ಹೆಂಗಸೊಬ್ಬಳು ದೆವ್ವವಾಗಿ ಬಂದರೆ ಜನ ನಗುತ್ತಾರೆ, ಅದನ್ನು ತೋರಿಸುತ್ತಿರುವವನು ನಮ್ಮಪ್ಪ! ಯಾವ ಸಿನಿಮಾದ ಪೆಟ್ಟಿಗೆ ಬರಬೇಕು ಎಂದು ಹೇಳುವವರು ಟೆಂಟಿನ ಮಾಲೀಕರು, ಅಪ್ಪನಲ್ಲ ಎನ್ನುವುದು ಒಂಬತ್ತು ವರ್ಷದವನಿಗೆ ಹೇಗೆ ತಿಳಿಯಬೇಕು? ತಿಳಿಯುವ ವಯಸ್ಸು ಬರುವಷ್ಟರಲ್ಲಿ ಸಿಟ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಈ ಮನುಷ್ಯನಿಗೆ ಅಮ್ಮ ಸತ್ತದ್ದು ತಾಗಲೇ ಇಲ್ಲ ಎಂದು ಆ ದಿನ ತೀರ್ಮಾನ ಮಾಡಿದವನು ಮತ್ತೆ ಅದನ್ನು ಬದಲಾಯಿಸಲಿಲ್ಲ.

ಆದರೂ ಆ ವಾರವೆಲ್ಲ ದಿನಾ ಆ ಸಿನಿಮಾ ನೋಡಿದೆ. ಮಾರನೇ ವರ್ಷ ಅದೇ ಪೆಟ್ಟಿಗೆ ಮತ್ತೆ ಬಂದಾಗಲೂ ನೋಡಿದೆ. ನಕ್ಕೆ ಕೂಡ, ಸುಳ್ಳು ಯಾಕೆ ಹೇಳಲಿ. ಕಥೆ ಇಷ್ಟೇ. ಸತ್ತ ಹೆಂಡತಿ ದೆವ್ವವಾಗಿ ತನ್ನ ಮನೆಗೇ ಬರುತ್ತಾಳೆ. ಗಂಡ ಇನ್ನೊಂದು ಮದುವೆ ಆಗಿದ್ದಾನೆ. ಹೊಸ ಹೆಂಡತಿ ಸಾರು ಮಾಡಿದರೆ ಇವಳು ಸೇರುಗಟ್ಟಲೆ ಉಪ್ಪು ಸುರಿಯುತ್ತಾಳೆ. ದೆವ್ವ ಬಿಡಿಸಲು ಬಂದ ಮಂತ್ರವಾದಿಯ ಜಡೆಯನ್ನು ಒರಳುಕಲ್ಲಿಗೆ ಕಟ್ಟುತ್ತಾಳೆ. ಅವಳು ಮುಟ್ಟಿದರೆ ಸಾಕು, ಎಂಥವನಿಗೂ ಮೈ ಮರಗಟ್ಟಿ ಹಲ್ಲು ಕಟಕಟ ಎನ್ನುತ್ತದೆ. ಸಿನಿಮಾದ ಅರ್ಧ ದಾಟಿದ ಮೇಲೆ ಮಾತ್ರ ಈ ದೆವ್ವ ಎರಡೂ ಕೈಗೆ ಹಳೇ ಬಟ್ಟೆ ಸುತ್ತಿಕೊಂಡು ಓಡಾಡುತ್ತದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ದೆವ್ವ ಅಂದಮೇಲೆ ಏನಾದರೂ ಮಾಡುತ್ತದೆ. ಆ ವರ್ಷ ರಾಜಗೋಪಾಲನಗರದ ಮಕ್ಕಳೆಲ್ಲ ಕೈಗೆ ಚಿಂದಿ ಸುತ್ತಿಕೊಂಡು ದೆವ್ವದಾಟ ಆಡಿದ್ದೇ ಆಡಿದ್ದು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪನ ಅನ್ನ ತಿನ್ನಬಾರದು ಎಂಬ ಒಂದೇ ಹಟ. ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸಕ್ಕೆ ಸೇರಿ, ಅಲ್ಲೇ ಮಲಗಿ, ಕೈ ಸುಟ್ಟುಕೊಂಡು ಕಲಿತೆ. ಇವತ್ತು ನನ್ನದೇ ಶೆಡ್ಡಿನಲ್ಲಿ ಮೂರು ಲೇತ್ ಓಡುತ್ತವೆ. ನಾನು ತಿರುವಿದ ಶಾಫ್ಟನ್ನು ಸರಿಯಿಲ್ಲ ಎಂದು ವಾಪಸು ಕಳಿಸಿದವರಿಲ್ಲ. ಟೆಂಟು ಮುಚ್ಚಿದ ಮೇಲೆ ಅಪ್ಪ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ, ಕೊನೆಗೆ ಬೇಗೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕನ ಮನೆಯಲ್ಲಿದ್ದ. ಹಬ್ಬಕ್ಕೆ ಹೋದರೆ ‘ಊಟ ಆಯ್ತಾ’ ಎನ್ನುತ್ತಿದ್ದ, ‘ಆಯ್ತು’ ಎನ್ನುತ್ತಿದ್ದೆ. ಆರು ವರ್ಷದ ಹಿಂದೆ ತೀರಿಕೊಂಡ. ಕೊಳ್ಳಿ ಇಟ್ಟೆ, ತಿಥಿ ಮಾಡಿದೆ, ಕಣ್ಣಿನಲ್ಲಿ ನೀರು ಬರಲಿಲ್ಲ. ಅದೂ ನನ್ನ ಗಟ್ಟಿತನ ಎಂದೇ ತಿಳಿದಿದ್ದೆ.

ಮೊನ್ನೆ ಆ ವಾಸನೆಯ ಗುಂಗಿನಲ್ಲಿ ಮಗಳಿಗೆ ಮಂತ್ರವಾದಿಯ ಜಡೆಯ ಕಥೆ ಹೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿದವಳೇ ಕಿರುಚಿದಳು: “ಅಪ್ಪಾ, ಇದು ಹೋದ ತಿಂಗಳು ಹೊಸದಾಗಿ ಬಂದಿದೆ ಕಣಪ್ಪ! ಎಲ್ಲೋ ಒಂದು ಹಳೇ ಪ್ರಿಂಟ್ ಸಿಕ್ಕಿತಂತೆ, ಪೂರ್ತಿ ಕ್ಲೀನ್ ಮಾಡಿ ಬಿಟ್ಟಿದಾರೆ. ಟಿವೀಲಿ ಹಾಕ್ಲಾ?”

ನನಗೆ ನಂಬಿಕೆ ಬರಲಿಲ್ಲ. ಟಿವಿಯಲ್ಲಿ ಒಂದು ಸಲವೂ ಬರದಿದ್ದ ಸಿನಿಮಾ. ಎಲ್ಲೋ ಸುಟ್ಟು ಹೋಗಿದೆ ಎಂದುಕೊಂಡಿದ್ದೆ. ಪರದೆ ಬೆಳಗಿತು. ಗೀರಿಲ್ಲ, ಮಳೆ ಸುರಿದಂಥ ಗೆರೆಗಳಿಲ್ಲ, ದೆವ್ವದ ಸೀರೆಯ ಅಂಚು ಕೂಡ ಎಣಿಸುವಂತೆ ಕಾಣುತ್ತಿದೆ. ನಮ್ಮ ಟೆಂಟಿನ ಬಿಳಿ ಬಟ್ಟೆಯ ಮೇಲೆ ಬೂದಿ ಬಣ್ಣಕ್ಕಿದ್ದ ಆ ಸೀರೆ ತಿಳಿ ಹಸಿರು ಎಂದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು. ನಾನು ಪ್ರತಿ ಮಾತನ್ನೂ ಅವರಿಗಿಂತ ಮೊದಲೇ ಹೇಳುತ್ತಾ ಹೋದೆ.

“ಅಪ್ಪಾ, ಸ್ವಲ್ಪ ಸುಮ್ನಿರ್ತೀಯಾ? ದೆವ್ವ ಬಾಯಿ ತೆಗೆಯೋಕೆ ಮುಂಚೆ ನೀನೇ ಮಾತಾಡ್ತಿದೀಯ.”

“ಬಾಯಿಪಾಠ ಕಣಮ್ಮ ನಂಗೆ. ಒಂದು ಅಕ್ಷರ ತಪ್ಪಿದ್ರೆ ಕೇಳು.”

ಉಪ್ಪು ಸುರಿಯುವ ಸೀನು ಬಂತು. ಇದಾದ ಕೂಡಲೇ ಬೆಳಗಾಗಬೇಕು, ಗಂಡ ಹಾಸಿಗೆಯಲ್ಲಿ ಎದ್ದು ಕೂತು ಸೀನಬೇಕು. ನಾನು ಆಗಲೇ “ಆಕ್ಷೀ” ಎಂದೆ. ಬೆಳಗಾಗಲಿಲ್ಲ.

ಮೂಲೆಯಲ್ಲಿ ಮಗು ಮಲಗಿದೆ. ಆ ಸಿನಿಮಾದಲ್ಲಿ ಮಗುವೊಂದು ಇತ್ತು ಎನ್ನುವುದನ್ನೇ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಓಡಿಹೋಗುತ್ತಿತ್ತು ಅಷ್ಟೇ. ದೆವ್ವ ಅದರ ಪಕ್ಕ ಕೂತು ಕೆನ್ನೆ ಮುಟ್ಟುತ್ತಾಳೆ. ಮಗು ಚಳಿಗೆ ನಡುಗಿ ಮುದುಡುತ್ತದೆ. ಅವಳು ಬೆಂಕಿ ತಾಗಿದಂತೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಎದ್ದು ಹೋಗಿ ಒಲೆಯ ಕೆಂಡದ ಮೇಲೆ ಕೈ ಹಿಡಿಯುತ್ತಾಳೆ, ಬಂದು ಮುಟ್ಟುತ್ತಾಳೆ, ಮಗು ಮತ್ತೆ ನಡುಗುತ್ತದೆ. ಕೊನೆಗೆ ತನ್ನದೇ ಹಳೇ ಸೀರೆಯನ್ನು ಪರ‍್ರನೆ ಹರಿದು ಎರಡೂ ಕೈಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಆ ಬಟ್ಟೆಯ ಗಂಟಿನಲ್ಲಿ ಮಗುವಿನ ಕೆನ್ನೆ ಸವರುತ್ತಾಳೆ. ಈ ಸಲ ಮಗು ಏಳುವುದಿಲ್ಲ. ನಿದ್ದೆಯಲ್ಲೇ ಬಟ್ಟೆಯ ಕಡೆಗೆ ಮುಖ ಒತ್ತಿಕೊಳ್ಳುತ್ತದೆ. ಒಂದು ಮಾತಿಲ್ಲ, ಸಂಗೀತವಿಲ್ಲ. ಆಮೇಲೆ ಬೆಳಗಾಯಿತು, ಗಂಡ ಸೀನಿದ.

ನಾನು ಎದ್ದು ನಿಂತಿದ್ದೆ. “ನಿಲ್ಸು! ಇದು ಇರ್ಲಿಲ್ಲ. ಇದು ಮೋಸ. ಯಾರೋ ಈಗ ತೆಗೆದು ಸೇರ್ಸಿದಾರೆ.”

“ಈಗ ಯಾರ್ ತೆಗೀತಾರಪ್ಪ? ಅದೇ ಹೀರೋಯಿನ್, ಅದೇ ವಯಸ್ಸು. ನೀನು ಆವಾಗ ನಿದ್ದೆ ಮಾಡಿರ್ತೀಯ ಬಿಡು.”

“ದಿನಾ ಅದೇ ಜಾಗಕ್ಕೆ ನಿದ್ದೆ ಬರುತ್ತೇನೇ?” ಎಂದು ರೇಗಿದೆ. ಹಾಗೆ ಹೇಳಿದವನೇ ಕೂತುಕೊಂಡೆ. ನೆನಪಿನಲ್ಲೇ ಇಲ್ಲದಿದ್ದ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಂತಿತ್ತು.

ಆ ಸಿನಿಮಾ ಮೊದಲ ಸಲ ಬಂದಿದ್ದ ಅದೇ ವಾರ. ಶಾಲೆಗೆ ಹೋಗದೆ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ನಿದ್ದೆ ಬಂದವನಂತೆ ಮಲಗಿದ್ದೆ. ಅಪ್ಪ ಬಂದು ಪಕ್ಕ ಕೂತ. ಕೆನ್ನೆಗೆ ಏನೋ ಮೆತ್ತಗೆ ತಾಗಿತು. ಕಣ್ಣು ಬಿಟ್ಟರೆ ಅಪ್ಪ ಎರಡೂ ಕೈಗೆ ಟವೆಲ್ಲು ಸುತ್ತಿಕೊಂಡಿದ್ದಾನೆ. ಥೇಟು ಸಿನಿಮಾದ ದೆವ್ವದ ಹಾಗೆ! ಅಮ್ಮ ಸತ್ತಿರುವ ಮನೆಯಲ್ಲಿ ಇವನು ದೆವ್ವದಾಟ ಆಡುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕೈಯನ್ನು ಒದ್ದೆ. “ನಾಚ್ಕೆ ಆಗಲ್ವಾ ನಿಂಗೆ?” ಎಂದೆ. ಅಪ್ಪ ನಿಧಾನವಾಗಿ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಆಮೇಲೆ ಅವನು ನನ್ನ ಮೈಮುಟ್ಟಿದ ನೆನಪು ನನಗಿಲ್ಲ.

ಬೇಗೂರಿನಲ್ಲಿರುವ ಅಕ್ಕ ರತ್ನನಿಗೆ ಫೋನು ಮಾಡಿದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೇಗಿದ್ದೀಯ ಎಂದೂ ಕೇಳದೆ ನೇರ ಕೇಳಿದೆ: “ಅಕ್ಕಾ, ಆ ದೆವ್ವದ ಸಿನಿಮಾದಲ್ಲಿ ಮಗೂನ ಮುಟ್ಟೋ ಸೀನ್ ಇತ್ತಾ?”

ಆ ಕಡೆ ಕೂಗುತ್ತಿದ್ದ ಕುಕ್ಕರನ್ನು ಅಕ್ಕ ಆರಿಸಿದಳು. ಆಮೇಲೆ, “ಇತ್ತು ಕಣೋ. ಅಪ್ಪ ಕತ್ರಿಸಿ ತಗ್ದಿದ್ದ.”

“ನಂಗೋಸ್ಕರಾನಾ?”

“ನಿಂಗೋಸ್ಕರ ಅಂತಾನೇ ನಂಗೆ ಏಳಿದ್ದ. ಆದ್ರೆ ನಾನು ಕಣ್ಣಾರೆ ಕಂಡಿದ್ನಲ್ಲ. ಮೊದಲ್ನೇ ದಿನದ ಆಟಕ್ಕೆ ನೀನಿರ್ಲಿಲ್ಲ, ಇಲ್ಲೇ ಮಾವನ ಮನೇಲಿದ್ದೆ. ನಾನು ಕ್ಯಾಬಿನ್ನಲ್ಲಿದ್ದೆ. ಆ ಸೀನ್ ಬಂತು ನೋಡು, ಇದ್ದಕ್ಕಿದ್ದಂಗೆ ಪರದೆ ಕತ್ಲಾಗೋಯ್ತು. ಜನ ವಿಷಲ್ ಒಡೆಯೋರೇನು, ಬಯ್ಯೋರೇನು! ತಿರುಗಿ ನೋಡಿದ್ರೆ ಅಪ್ಪ ಗೋಡೆಗೆ ಮಕ ಆಕ್ಕೊಂಡು ನಿಂತ್ಬುಟ್ಟಿದ್ದ.”

ನಿಮಗೆ ಒಂದು ಮಾತು ಹೇಳಬೇಕು. ಆಗಿನ ಮಷೀನಿನಲ್ಲಿ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿ ಎದುರುಬದುರಾಗಿ ಉರಿದು ಬೆಳಕು ಕೊಡುತ್ತಿದ್ದವು. ಉರಿದಂತೆಲ್ಲ ಕಡ್ಡಿ ಸವೆಯುತ್ತದೆ, ಆಪರೇಟರ್ ಗೋಡೆಯ ಕಿಂಡಿಯಲ್ಲಿ ಪರದೆ ನೋಡುತ್ತಲೇ ಅವನ್ನು ಹತ್ತಿರಕ್ಕೆ ತಿರುವುತ್ತಿರಬೇಕು. ಟೆಂಟಿನಲ್ಲಿ ಕೂತ ಯಾರು ಬೇಕಾದರೂ ಕಣ್ಣು ಮುಚ್ಚಿಕೊಳ್ಳಬಹುದು, ಆಪರೇಟರ್ ಮುಚ್ಚಿಕೊಳ್ಳುವ ಹಾಗಿಲ್ಲ. ಅವನು ಕಣ್ಣು ತೆಗೆದರೆ ಎಲ್ಲರಿಗೂ ಕತ್ತಲೆ. ಜನ ನಗುತ್ತಿದ್ದ ಆ ಎರಡೂವರೆ ಗಂಟೆ ಅಪ್ಪ ಆ ಕಿಂಡಿಗೆ ಕಣ್ಣು ಹಚ್ಚಿ ನಿಂತಿದ್ದ, ದಿನಕ್ಕೆ ಎರಡು ಆಟ.

“ಮಾರ್ನೇ ದಿನ ಬೆಳಗ್ಗೆ ಕತ್ರಿ ತಗೊಂಡು ಕೂತ,” ಎಂದಳು ಅಕ್ಕ. “ಫಿಲಂದು ಇನ್ನೊಂದು ತುದಿ ನಾನೇ ಇಡ್ಕೊಂಡಿದ್ದೆ. ಕತ್ರಿಸಿದ್ದನ್ನ ಬಿಸ್ಕತ್ ಡಬ್ಬೀಲಿ ಸುತ್ತಿಟ್ಟು, ಪೆಟ್ಗೆ ವಾಪಸ್ ಓಗೋ ದಿನ ಒಂದು ಚೂರೂ ಓಗ್ದಂಗೆ ಅಂಟಿಸಿ ಕಳ್ಸಿದ. ಎರಡನೇ ಸಲ ಬಂದಾಗಲೂ ಇಂಗೇ ಮಾಡ್ದ.”

ಬೇರೆ ಆಪರೇಟರ್‌ಗಳು ಹೀರೋಯಿನ್ ಇರುವ ಫಿಲಂ ತುಂಡುಗಳನ್ನು ಕದ್ದು ಮಾರುತ್ತಿದ್ದ ಕಾಲ ಅದು. ತನ್ನ ಕೈಗೆ ಬಂದ ಫಿಲಮ್ಮಿಗೆ ಕತ್ತರಿ ತಾಗಿಸದವನು ಎಂದು ಅಪ್ಪನಿಗೆ ಹೆಸರು. ನಾನೂ ಕೈಕೆಲಸದವನು. ಯಾರು ಯಾವ ಕಡೆ ಬೆಸುಗೆ ಹಾಕಿದ್ದರೂ ಬೆರಳಾಡಿಸಿದರೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚುವವನು. ಹತ್ತಿಪ್ಪತ್ತು ಸಲ ನೋಡಿದ್ದೆ, ಅಪ್ಪ ಹಾಕಿದ ಆ ಒಂದು ಜೋಡಣೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?”

“ಯಾವಾಗ ಏಳ್ಲಪ್ಪಾ? ಅಪ್ಪನ ಎಸ್ರೆತ್ತಿದ್ರೆ ಫೋನ್ ಕಟ್ ಮಾಡ್ತಿದ್ದೆ ನೀನು. ಅವ್ನೂ ಅಂಗೇ, ಏಳ್ಬೇಡ ಅಂದಿದ್ದ. ಮೂರ್ನೇ ಸಲ ಆ ಪೆಟ್ಗೆ ಬಂತಲ್ಲ, ನೀನು ಪೀಣ್ಯ ಸೇರ್ಕೊಂಡ ಮೇಲೆ, ಆವಾಗ ಅವ್ನು ಕತ್ರಿಸ್ಲಿಲ್ಲ. ಈಗ ಮಗ ದೊಡ್ಡವ್ನಾಗವ್ನೆ, ನೋಡ್ಲಿ, ನೋಡಿದ್ರೆ ಅವ್ನಿಗೇ ತಿಳೀತದೆ ಅಂದ. ನಿನ್ನ ಕರ್ಯಾಕೆ ಅಂತ ನಿಮ್ಮ ವರ್ಕ್‌ಶಾಪಿಗೇ ಬಂದಿದ್ನಲ್ಲೋ. ಗ್ಯಾಪ್ನ ಇಲ್ವಾ?”

ಇದೆ. ಈಗ ಇದೆ. ಮಧ್ಯಾಹ್ನದ ಹೊತ್ತು, ಶೆಡ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದ. ಒಳಗೆ ಬರಲಿಲ್ಲ, ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದ, ಯಾರದೋ ಮನೆಗೆ ಬಂದವನ ಹಾಗೆ. “ಸಾಯಂಕಾಲ ಆಟಕ್ಕೆ ಬಾರೋ, ಆ ದೆವ್ವದ ಸಿನಿಮಾ ಬಂದೈತೆ,” ಎಂದ. ನನಗೆ ಆಗ ಹದಿನೈದು. ಹೊಸದಾಗಿ ಮಷೀನ್ ಮುಟ್ಟಲು ಬಿಟ್ಟಿದ್ದರು, ಜೊತೆಯವರೆಲ್ಲ ನೋಡುತ್ತಿದ್ದರು. “ಅದು ಬಾಯಿಪಾಠ ನಂಗೆ,” ಎಂದೆ. ಅಪ್ಪ ಮತ್ತೂ ನಿಂತಿದ್ದ. “ಪೂರ್ತಿ ನೋಡಿಲ್ಲ ಕಣೋ ನೀನು,” ಎಂದ. ವಯಸ್ಸಾದವನು ಏನೋ ಒದರುತ್ತಿದ್ದಾನೆ ಎಂದುಕೊಂಡು ನಾನು ಲೇತಿನ ಸ್ವಿಚ್ಚು ಒತ್ತಿದೆ. ಆ ಸದ್ದಿನಲ್ಲಿ ಅವನು ಇನ್ನೂ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದು ಕೈ ಅಲ್ಲಾಡಿಸಿದೆ, ಅವನೂ ಪರವಾಗಿಲ್ಲ ಎಂಬಂತೆ ಕೈ ಅಲ್ಲಾಡಿಸಿ ಚಪ್ಪಲಿ ಮೆಟ್ಟಿಕೊಂಡ.

ಅವನು ರಸ್ತೆಗಿಳಿದು ಒಂದು ಸಲವಾದರೂ ತಿರುಗಿ ನೋಡಿದನೋ ಇಲ್ಲವೋ ನಾನು ಹೇಳಲಾರೆ. ನನ್ನ ಕಣ್ಣು ಕೆಲಸದ ಮೇಲಿತ್ತು.