ಹೊಸ ಮಗ್ಗದ ಹಲಗೆ

ನಿನ್ನೆ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ರಮ್ಯ ಎದುರಿಗೆ ಬೆಂಕಿಪೊಟ್ಟಣ ಇಟ್ಟುಕೊಂಡು ಪಾಠ ಓದುತ್ತಿದ್ದಳು. ಓದುವುದೆಂದರೆ ಏನು, ಬೆರಳಿನಿಂದ ಪೊಟ್ಟಣ ಚಿಮ್ಮುವುದು. ಟೈಲ್ಸ್ ಮೇಲೆ ಚಿಮ್ಮಿದರೆ ಬಾಗಿಲ ತನಕ ಜಾರಿತು. ಚಾಪೆಯ ಮೇಲೆ ಅಷ್ಟೇ ಜೋರಾಗಿ ಚಿಮ್ಮಿದರೆ ಗೇಣುದ್ದ ಹೋಗಿ ನಿಂತಿತು. ಚಿಮ್ಮಿದ ಬಲವೆಲ್ಲ ಎಲ್ಲಿ ಹೋಯಿತೆಂದು ಕೇಳಿದೆ.

“ಚಾಪೆ ತಿಂದ್ಕೊಳ್ತು ಅಜ್ಜಿ. ಘರ್ಷಣೆ ಅಂತಾರೆ. ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗ್ಬಿಡುತ್ತೆ. ಅಂಗೈ ಉಜ್ಜಿ ನೋಡು.”

ಉಜ್ಜಿದೆ. ಬಿಸಿಯಾಯಿತು. ನನ್ನ ಹಳೆಯ ಮಗ್ಗ ನೆನಪಾಯಿತು.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಇದನ್ನೆಲ್ಲ ನನಗೆ ಯಾರು ಹೇಳಬೇಕು? ದೊಡ್ಡಬಳ್ಳಾಪುರದ ಈ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಕೈಮಗ್ಗ. ಹಗ್ಗ ಎಳೆದರೆ ಲಾಳಿ ಹಲಗೆಯ ಮೇಲೆ ಜಾರಿ ನೂಲನ್ನು ಆ ಕಡೆಗೆ ಒಯ್ಯಬೇಕು. ಅತ್ತೆಯ ಮಗ್ಗದಲ್ಲಿ ಲಾಳಿ ಹಾರುತ್ತಿತ್ತು. ನನ್ನದರಲ್ಲಿ ಅರ್ಧಕ್ಕೇ ನಿಂತು ಎಳೆಗಳು ಪಟಪಟ ಹರಿಯುತ್ತಿದ್ದವು. ರಟ್ಟೆ ಬಾತುಕೊಳ್ಳುವಷ್ಟು ಎಳೆದೆ. ಒಂದು ದಿನ ಅತ್ತೆ ನೆಂಟರ ಮುಂದೆಯೇ, “ಇವಳ ಕೈಯಲ್ಲಿ ಕಸುವಿಲ್ಲ ಕಣ್ರೀ” ಅಂದುಬಿಟ್ಟರು. ಅಲ್ಲಿಂದ ನನಗೆ ನೂಲು ಸುತ್ತುವ ರಾಟೆಯೇ ಗತಿ. ನಾನೂ ನಂಬಿದೆ ನೋಡಿ. ತುಂಬಿದ ಬಿಂದಿಗೆ ಹೊತ್ತು ತಂದ ದಿನವೂ ನಂಬಿದ್ದೆ.

ಅತ್ತೆಯ ಹಲಗೆ ಇಪ್ಪತ್ತು ವರ್ಷ ಲಾಳಿ ಓಡಿ ನುಣುಪಾದದ್ದು. ನನ್ನದು ಬಡಗಿ ಆಗಷ್ಟೇ ಕೂರಿಸಿದ ಹೊಸ ಮರ, ತರಿತರಿ. ಒಂದು ದಿನ ಜಾಗ ಬದಲಿಸಿ ಕೂತಿದ್ದರೆ ತಿಳಿಯುತ್ತಿತ್ತು. ಆದರೆ ಅತ್ತೆಯ ಮಗ್ಗದಲ್ಲಿ ಸೊಸೆ ಕೂರುವುದುಂಟೇ? ತಲೆಮಾರುಗಳಿಂದ ನೇಯ್ದ ಮನೆಯಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ, ಅದೇ ನನಗೆ ಸಿಡಿಲು ಬಡಿದ ಹಾಗಾಯಿತು.

ಅತ್ತೆಗೆ ಈಗ ತೊಂಬತ್ತರ ಹತ್ತಿರ; ಪಕ್ಕದ ಮಂಚದ ಮೇಲೇ ಇದ್ದರು. ರಮ್ಯ ಅವರಿಗೂ ಪೊಟ್ಟಣ ಚಿಮ್ಮಿ ತೋರಿಸಿದಳು. ನಾನು ಹಲಗೆಯ ಮಾತೆತ್ತಿದೆ. ಅತ್ತೆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಕೇಳಿದರು:

“ಹೊಸ ಹಲಗೆಗೆ ಮೇಣ ಉಜ್ಜು ಅಂತ ನಿಂಗೆ ಹೇಳಿರ್ಲಿಲ್ವೇನೇ ನಾನು?”

“ಇಲ್ಲ ಅತ್ತೆ.”

ಅವರು ಹಣೆ ಚಚ್ಚಿಕೊಂಡರು. ನನಗೆ ಕೋಪ ಬರಬೇಕಿತ್ತು, ಬಂದದ್ದು ನಗು. ರಮ್ಯಳನ್ನು ತಬ್ಬಿ ನೆಲದಿಂದ ನಾಲ್ಕು ಬೆರಳು ಎತ್ತಿಯೇಬಿಟ್ಟೆ. ಸುಲಿದ ಅವರೆಕಾಳೆಲ್ಲ ಚೆಲ್ಲಾಪಿಲ್ಲಿ.

ಸಂಜೆ ಹಾಲು ಹಾಕುವವಳು ಬಂದಾಗ ಅತ್ತೆ ಅವಳನ್ನು ನಿಲ್ಲಿಸಿಕೊಂಡರು.

“ನಮ್ಮ ಸೊಸೆ ಕೈಯಲ್ಲಿ ಕಸುವಿತ್ತು ಕಣಮ್ಮ. ಹೇಳ್ಕೊಡೋದು ನಾನೇ ಮರ್ತಿದ್ದೆ.”

ಪಾಪ, ಅವಳಿಗೆ ತಲೆಬುಡ ತಿಳಿಯಲಿಲ್ಲ. ನಾನು ಅಡಿಗೆಮನೆಯಿಂದಲೇ, ಇನ್ನೊಂದು ಸಲ ಹೇಳಿ ಅತ್ತೆ, ಅಂದೆ.