ಹೊಸ್ತಿಲು ತಪ್ಪಿಸಿ ಬಂದ ತಂತಿ

ನನ್ನ ತಮ್ಮ ಗೋಣೆಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ನೂಲು ನೋಡಿಕೊಂಡಿದ್ದವನು. ಯಾವುದು ಸೊಟ್ಟಗಿದ್ದರೂ ಅವನ ಕಣ್ಣಿಗೆ ಮೊದಲು ಬೀಳುತ್ತದೆ. ಮಗಳು ರೂಪಶ್ರೀ ಹರಿಹರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ, ಬಂದವರೆಲ್ಲರ ಎದುರು, ಹೊಸ್ತಿಲು ಅರ್ಧ ಬೆರಳು ವಾರೆಯಾಗಿದೆ ಎಂದುಬಿಟ್ಟ.

"ವಾರೆ ಐತೆ ಅಂದ್ರೆ ದಾಟಬ್ಯಾಡ್ರಿ ಅಪ್ಪಾಜಿ," ಅಂದಳು ಅವಳು.

"ದಾಟಲ್ಲ. ನೀನೂ ನನ್ನ ಹೊಸ್ತಿಲು ದಾಟಬ್ಯಾಡ."

ಹರಿಹರಕ್ಕೂ ದಾವಣಗೆರೆಯ ನಮ್ಮ ದೇವರಾಜ ಅರಸು ಬಡಾವಣೆಗೂ ಬಸ್ಸಿನಲ್ಲಿ ಅರ್ಧ ಗಂಟೆ. ಎರಡು ವರ್ಷ ಇಬ್ಬರೂ ದಾಟಲಿಲ್ಲ. ಹೆಂಡತಿ ತೀರಿಹೋದವನಿಗೆ ಇದ್ದವಳು ಒಬ್ಬಳೇ ಮಗಳು. ಅವನ ಮನೆಯಲ್ಲಿ ಅಡುಗೆ ನೋಡಿಕೊಂಡಿದ್ದವಳು ಅಕ್ಕ ನಾನು. ಗೋಣೆಪ್ಪ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿದ. ಫೋನ್ ಮಾಡಪ್ಪ ಎಂದೆ. ಫೋನಿನ ತಂತಿ ಬಾಗಿಲ ಮೇಲಿಂದ ಬಂದಿದೆ, ಅವಳ ಮಾತು ಹೊಸ್ತಿಲು ದಾಟಿದಂತಾಗುತ್ತದೆ ಎಂದ. ಕಾರ್ಡ್ ಬರಿ ಎಂದೆ. ಜವಾಬು ಬಂದರೆ ಅಂಚೆಯವನು ಹೊಸ್ತಿಲ ಮೇಲೇ ಇಡುತ್ತಾನಲ್ಲ ಎಂದ.

೧೯೯೯ರಲ್ಲಿ ನಮ್ಮೂರಿಂದ ಹರಿಹರಕ್ಕೆ ಹೋಗುವ ರಸ್ತೆ ಅಗೆದು ಗಾಜಿನ ಎಳೆಯ ಕೇಬಲ್ ಹೂಳಿದರು. ಇಂಟರ್ನೆಟ್ ಅದರಲ್ಲೇ ಬರುತ್ತದೆ, ಕಾಗದವೂ ಅದರಲ್ಲೇ ಹೋಗಿ ಬರುತ್ತದೆ ಎಂದು ಕೇಳಿ, ಗೋಣೆಪ್ಪ ಗುಂಡಿಯ ಪಕ್ಕ ಕೂತು ಆ ಎಳೆ ಎಷ್ಟನೇ ನಂಬರಿನ ನೂಲಿಗೆ ಸಮ ಎಂದು ವಿಚಾರಿಸಿ ಬಂದ. ಮರುದಿನ ಮನೆಯೊಳಗೆ ನೂಲು ಕಟ್ಟಲು ಶುರುಮಾಡಿದ. ಹೊಸ್ತಿಲು ತಪ್ಪಿಸಿ ತಂತಿ ಎಲ್ಲಿ ಬರಬೇಕು, ಎಲ್ಲಿ ತಿರುಗಬೇಕು ಎಂಬುದಕ್ಕೆ ಕೆಂಪು ನೂಲು. ಅದು ಸರಿಬರದಿದ್ದರೆ ಹಳದಿ. ಇನ್ನೊಂದು ತುದಿ ಹಿಡಿದವಳು ನಾನು. ಹನ್ನೊಂದು ದಿನ ಬಗ್ಗಿ ಬಗ್ಗಿ ಅಡುಗೆ ಮಾಡಿದೆ. ಕೊನೆಗೆ ಹಿಂದಿನ ಕೋಣೆಯ ಕಿಟಕಿಯೇ ಎಂದು ಗಟ್ಟಿಯಾಯಿತು: ಕಂಬದಿಂದ ನಲವತ್ತೆರಡು ಮೊಳ, ಎರಡೇ ತಿರುವು.

ಲೈನ್‌ಮನ್ ಇಜಾಜ್ ಬಂದು ನೋಡಿ, ಗಾಜಿನ ಎಳೆ ಎಕ್ಸ್‌ಚೇಂಜಿನವರೆಗೆ ಮಾತ್ರ, ಮನೆಗೆ ಇದೇ ಹಳೆ ಫೋನಿನ ತಂತಿ ಎಂದ. ಹಾಗಾದರೆ ಅದನ್ನೇ ಬಾಗಿಲಿಂದ ಕಿತ್ತು ಕಿಟಕಿಗೆ ತಾ ಎಂದ ಗೋಣೆಪ್ಪ. ಇಜಾಜ್ ತಂದ. ಇನ್ನು ಫೋನ್ ಮಾಡಬಹುದಲ್ಲ ಎಂದೆ.

"ಹನ್ನೊಂದು ದಿನ ನೂಲು ಕಟ್ಟಿದ್ದು ಬರೀ ಫೋನಿಗಾ ಅಕ್ಕ?"

ಹರಿಹರದ ಒಂದು ಕಚೇರಿಯಿಂದ ಹಳೇ ಕಂಪ್ಯೂಟರ್ ಕೊಂಡ. ಅದೂ ಹರಿಹರದ್ದೇ ಆದ್ದರಿಂದ ಕಿಟಕಿಯ ನಾಲ್ಕೂ ಸರಳು ಬಿಚ್ಚಿಸಿ ಅಲ್ಲಿಂದಲೇ ಒಳಗಿಳಿಸಿದರು. ಕನೆಕ್ಷನ್ ಬಂತು. ಮುಂದೇನು ಮಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೂರು ದಿನ ಅದರ ಮುಂದೆ ಸುಮ್ಮನೆ ಕೂತ. ನಮ್ಮಲ್ಲಿ ಕಂಪ್ಯೂಟರ್ ಕಲಿತು ಮನೆಯಲ್ಲೂ ಇಟ್ಟುಕೊಂಡವಳು ರೂಪಶ್ರೀ ಒಬ್ಬಳೇ. ಅವನು ಸ್ನಾನಕ್ಕೆ ಹೋದಾಗ ನಾನೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಿಟಕಿ ಎಷ್ಟು ಎತ್ತರ ಎಂದಷ್ಟೇ ಕೇಳಿದಳು. ಎರಡು ಮೊಳ, ಒಂದು ಗೇಣು ಎಂದೆ.

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಮೊದಲು ಬುತ್ತಿಯ ಡಬ್ಬಿ ಕಂಡಿತು, ಆಮೇಲೆ ಅವಳ ಮುಖ.

"ಸ್ಟೂಲು ಕೊಡ್ರಿ ಅತ್ತೆ. ತಂತಿ ಬರೋ ದಾರಿಲಿ ನಾನು ಬಂದ್ರೆ ತಪ್ಪೇನೈತೆ?"

ಗೋಣೆಪ್ಪ ನನ್ನ ಕೈಯಿಂದ ಸ್ಟೂಲು ಕಸಿದುಕೊಂಡು, ಮನೆ ಸುತ್ತಿ ಹಿಂದಕ್ಕೆ ಹೋಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತ. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿ ಒಳಗಿಳಿದಳು.

ಕಂಪ್ಯೂಟರ್ ಮುಂದೆ ಅವಳು ಕೂತಳು. ಗೋಣೆಪ್ಪ ಗೋಡೆ ನೋಡುತ್ತ, ಹರಿಹರದ ರೂಪಶ್ರೀಗೆ ಹೋಗಬೇಕು ಎಂದು ಕಾಗದ ಹೇಳಿ ಬರೆಸತೊಡಗಿದ. ಅವಳು ತನಗೆ ತಾನೇ ಬರೆದುಕೊಂಡಳು. ಕ್ಷೇಮ ಸಮಾಚಾರವೆಲ್ಲ ಮುಗಿದು ಹೊಸ್ತಿಲ ವಿಷಯಕ್ಕೆ ಬಂದು ನಿಂತ.

"ಎಷ್ಟು ವಾರೆ ಅಂತ ಬರೀಲಿ ಅಪ್ಪಾಜಿ?"

ಹೆಬ್ಬೆರಳು, ತೋರುಬೆರಳ ನಡುವಿನ ಸಂದು ಕಿರಿದು ಮಾಡಿ ನೋಡಿದ. "ಅರ್ಧ ಅಲ್ಲ, ಕಾಲು ಬೆರಳು."

"ಸರಿ. ಮನೆಗೆ ಹೋಗಿ ಓದಿ ಜವಾಬು ಬರೀತೀನಿ."

ಮೂವರೂ ಉಂಡೆವು. ಬಿಟ್ಟಿದ್ದ ರೊಟ್ಟಿಯನ್ನು ಗೋಣೆಪ್ಪ ಅಂದು ತಿಂದ. ಮೂರು ಗಂಟೆಯ ಬಸ್ಸಿಗೆ ಅವಳು ಕಿಟಕಿಯಿಂದಲೇ ಇಳಿದು ಹೋದಳು. ಸ್ಟೂಲು ಹೊರಗೇ ಇದೆ. ಮಳೆಗೆ ನೆನೆಯಬಾರದೆಂದು ಗೋಣೆಪ್ಪ ಅದಕ್ಕೆ ತಗಡಿನ ಮಾಡು ಹಾಕಿಸಿದ್ದಾನೆ.