ಫ್ಲೆಕ್ಸ್ ಹಾಕಿಸಿಕೊಂಡು ಓಡಿಹೋದದ್ದು

ಓಡಿಹೋಗುವುದಕ್ಕೆ ಇಷ್ಟೊಂದು ಪೂರ್ವತಯಾರಿ ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಓಡಿಹೋಗುವವರು ಒಂದು ಜೊತೆ ಬಟ್ಟೆ, ಒಂದು ಸುಳ್ಳು, ಬಸ್ ಸ್ಟ್ಯಾಂಡಿನಲ್ಲಿ ನಡುಗುತ್ತ ಕಾಯುವ ಒಬ್ಬ ಹುಡುಗ, ಇಷ್ಟರಲ್ಲೇ ಕೆಲಸ ಮುಗಿಸುತ್ತಿದ್ದರು. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ, ಆಫೀಸಿನಲ್ಲಿ ರಜೆ ಕೇಳಿದೆ, ಮ್ಯಾನೇಜರು ಅಪ್ರೂವ್ ಮಾಡಲಿ ಎಂದು ದೇವರಿಗೆ ಹರಕೆಯನ್ನೂ ಹೊತ್ತೆ. ರಜೆ ಮಂಜೂರಾಗದೆ ಓಡಿಹೋಗಲೂ ಬಾರದ ಹೆಣ್ಣು ಈ ವೈಟ್‌ಫೀಲ್ಡ್ ಸೀಮೆಯಲ್ಲಿ ಮಾತ್ರ ಹುಟ್ಟುತ್ತಾಳೇನೋ.

ಇದಕ್ಕೆ ಈಗ ‘ಡೆಸ್ಟಿನೇಷನ್ ಇಲೋಪ್‌ಮೆಂಟ್’ ಎಂಬ ಹೆಸರಿದೆ. ಉಳ್ಳವರು ಇದನ್ನು ಶೋಕಿಗೆ ಮಾಡುತ್ತಾರಂತೆ. ಛತ್ರ, ಪಂಕ್ತಿ, ಸೋದರತ್ತೆಯ ಮುನಿಸು ಇವೆಲ್ಲ ಬೇಸರವಾಗಿ ಇಬ್ಬರೇ ಯಾವುದೋ ದೇಶದ ಕಡಲತೀರಕ್ಕೆ ಹೋಗಿ, ಹಾರ ಬದಲಾಯಿಸಿಕೊಂಡು, ವಾಪಸ್ ಬಂದು ಫೋಟೋ ತೋರಿಸುತ್ತಾರಂತೆ. ನಮ್ಮ ಪುರಾತನರು ಎಂಟು ಬಗೆಯ ಮದುವೆಗಳನ್ನು ಗುರುತಿಸಿದ್ದರು. ಹೆಣ್ಣನ್ನು ಹೊತ್ತೊಯ್ಯುವುದಕ್ಕೂ ಮಲಗಿದ್ದಾಗ ಕದ್ದೊಯ್ಯುವುದಕ್ಕೂ ಒಂದೊಂದು ಹೆಸರಿಟ್ಟು ಪಟ್ಟ ಕಟ್ಟಿದ ಜನ ಅವರು. ಮೆಚ್ಚಿದವರು ತಾವೇ ಕೂಡಿಕೊಂಡರೆ ಅದು ಗಾಂಧರ್ವ. ಆದರೆ ಗಾಂಧರ್ವಕ್ಕೆ ಒಂದು ಕಾಡಾದರೂ ಬೇಕಲ್ಲ? ಕುಂದಲಹಳ್ಳಿಯಿಂದ ಸರ್ಜಾಪುರದವರೆಗೆ ನೀವು ಹುಡುಕಿಕೊಂಡು ಬನ್ನಿ. ಇದ್ದ ತೋಪುಗಳೆಲ್ಲ ಅಪಾರ್ಟ್‌ಮೆಂಟ್ ಆಗಿವೆ. ಗೇಟಿನಲ್ಲಿ ಸೆಕ್ಯೂರಿಟಿಯವನು ಯಾರ ಮನೆಗೆ ಎಂದು ಕೇಳಿ ಫೋನ್ ಮಾಡಿ ವಿಚಾರಿಸುತ್ತಾನೆ. ಹಾಗಾಗಿ ಒಂಬತ್ತನೆಯ ಬಗೆಯೊಂದು ಹುಟ್ಟಿಕೊಂಡಿತು, ಪ್ಯಾಕೇಜ್ ವಿವಾಹ.

ಪ್ಯಾಕೇಜ್ ಮಾರುವ ಹುಡುಗಿ ಫೋನಿನಲ್ಲಿ ಬಹಳ ಸಂತೋಷವಾಗಿದ್ದಳು. “ಕಂಗ್ರಾಟ್ಸ್ ಮೇಡಂ! ಗೆಸ್ಟ್ಸ್ ಎಷ್ಟು ಜನ?” ಯಾರೂ ಇಲ್ಲ ಎಂದೆ. “ವಾವ್, ಸಕ್ಕತ್ ರೊಮ್ಯಾಂಟಿಕ್! ಥೀಮ್ ಏನಾದ್ರೂ ಅನ್ಕೊಂಡಿದೀರಾ?” ಎಂದಳು. ‘ಜೀವ ಉಳಿಸಿಕೊಳ್ಳೋದು’ ಎಂದು ನಾಲಿಗೆಯ ತುದಿಗೆ ಬಂದಿತ್ತು. ಬಿಳಿ ಹೂವು ಎಂದೆ.

ನನ್ನ ಹುಡುಗನ ಹೆಸರು ಯಮನೂರ. ಹೆದರಬೇಡಿ, ಅವರ ಸೀಮೆಯಲ್ಲಿ ಅದು ದೇವರ ಹೆಸರು. ಜೀವ ಉಳಿಸಿಕೊಳ್ಳಲು ಯಮನನ್ನೇ ಹೆಸರಲ್ಲಿಟ್ಟುಕೊಂಡವನ ಕೈಹಿಡಿಯಬೇಕಾಗಿ ಬಂದದ್ದು ನನ್ನ ಹಣೆಬರಹದ ತಮಾಷೆ. ಪೀಣ್ಯದ ಲಿಫ್ಟ್ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ನಮ್ಮ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ನಾನು ಒಳಗಿದ್ದೆ, ಅವನು ಹೊರಗಿನ ಸಂದಿಯಿಂದ “ಅಂಜಬ್ಯಾಡ್ರಿ ಮೇಡಂ, ಮಾತಾಡ್ಕೋತ ಇರ್ರಿ” ಎಂದ. ನಾನು ಮಾತಾಡುತ್ತಲೇ ಇದ್ದುಬಿಟ್ಟೆ, ಲಿಫ್ಟು ಸರಿಹೋದ ಮೇಲೂ ನಿಲ್ಲಿಸಲಿಲ್ಲ. ಅವನ ಅಪ್ಪ ಅಮ್ಮ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ತಗಡಿನ ಶೆಡ್ಡುಗಳಲ್ಲಿ ಬದುಕಿ ಮಗನನ್ನು ಓದಿಸಿದವರು. ಅವರು ಕಟ್ಟಿದ ಎಷ್ಟೋ ಕಟ್ಟಡಗಳಲ್ಲಿ ನನ್ನ ದೊಡ್ಡಪ್ಪನ ಬಾಡಿಗೆ ಬಿಲ್ಡಿಂಗೂ ಒಂದು ಎಂಬುದು ಆಮೇಲೆ ಗೊತ್ತಾಯಿತು. ಅವರ ಜಾತಿಯನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ಕಟ್ಟಿದ ಮನೆಯ ಒಳಗೆ ಅವರಿಗೆ ನೀರು ಕೊಡುತ್ತಿರಲಿಲ್ಲ ಎಂದರೆ ನಿಮಗೆ ಅರ್ಥವಾಗುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಆಮೇಲೆ ಅಮ್ಮನನ್ನೂ ನನ್ನನ್ನೂ ನೋಡಿಕೊಂಡದ್ದು ದೊಡ್ಡಪ್ಪ. ಒಂದೇ ಅಂಗಳ, ಎರಡು ಮನೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಟೆಕ್ ಪಾರ್ಕಿಗೆ ಹೋದ ಮೇಲೆ ದೊಡ್ಡಪ್ಪ ನೀರಿನ ಟ್ಯಾಂಕರ್ ಇಟ್ಟರು. ನನ್ನ ಫೀಸು ಕಟ್ಟಿದವರು ಅವರು, ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವರೂ ಅವರೇ. ಇದನ್ನು ಹೇಳದೆ ಹೋದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಅವರನ್ನು ಬರೀ ರಾಕ್ಷಸ ಎಂದು ಬರೆಯುವುದು ಅಷ್ಟು ಸುಲಭವಾಗಿದ್ದರೆ ನಾನು ಇಷ್ಟು ಅಳುತ್ತಲೂ ಇರಲಿಲ್ಲ.

ದೊಡ್ಡಪ್ಪನಿಗೆ ಒಬ್ಬಳೇ ಮಗಳು, ಸುಜಾತ. ನನ್ನ ಜೊತೆಯವಳು, ನನ್ನ ಬಟ್ಟೆ ತೊಟ್ಟು ನನ್ನ ಮೇಲೇ ಜಂಬ ಕೊಚ್ಚುತ್ತಿದ್ದವಳು. ಅವಳೂ ಒಬ್ಬನನ್ನು ಮೆಚ್ಚಿದ್ದಳು. ಮನೆಯಲ್ಲಿ ಗೊತ್ತಾಯಿತು. ಕೋಣೆಯಲ್ಲಿ ಕೂಡಿಹಾಕಿದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅವಳಿಲ್ಲ. ಪೇಪರಿನ ಮೂಲೆಯಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ಬಂತು. ನಮ್ಮ ಕಡೆ ಪ್ರೀತಿ ಮಾಡಿದ ಹುಡುಗಿಯರಿಗೆ ಹೊಟ್ಟೆನೋವು ಜಾಸ್ತಿ. ಸುಜಾತಳ ಹೊಟ್ಟೆ ಎಷ್ಟು ಗಟ್ಟಿ ಎಂದು ನನ್ನನ್ನು ಕೇಳಿ. ಪಣ ಕಟ್ಟಿ ಪಾನಿಪೂರಿ ತಿಂದು ನನ್ನನ್ನು ಪ್ರತಿಸಲ ಸೋಲಿಸಿದವಳು ಅವಳು. ವಿಷವನ್ನು ಅವಳೇ ಕುಡಿದಳೋ, ಯಾರಾದರೂ ಕುಡಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಅಂಗಳದಲ್ಲಿ ಯಾರಿಗೂ ಬರಲಿಲ್ಲ.

ಇಲ್ಲಿಯೇ ರಿಜಿಸ್ಟರ್ ಮದುವೆ ಮಾಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿಕೊಳ್ಳಬಹುದು. ಆದರೆ ಸರ್ಕಾರ ಮೊದಲು ನಿಮ್ಮ ಹೆಸರು ವಿಳಾಸಗಳನ್ನು ಬರೆದು ಗೋಡೆಗೆ ಅಂಟಿಸಿ, ಯಾರದಾದರೂ ತಕರಾರು ಇದೆಯೇ ಎಂದು ಒಂದು ತಿಂಗಳು ಕಾಯುತ್ತದೆ. ತಕರಾರಿಗೆ ನಮ್ಮಲ್ಲಿ ಬರವೇ? ನಮ್ಮೂರಿನ ಹುಡುಗರು ಸೈಟಿನ ಕಾಗದಪತ್ರಕ್ಕೆಂದು ದಿನಾ ಅದೇ ಕಚೇರಿಯ ಮುಂದೆ ಬಿದ್ದಿರುತ್ತಾರೆ. ಅದಕ್ಕೇ ಸಮುದ್ರ ದಾಟುವ ಯೋಜನೆ. ಮೈಸೂರಿನಲ್ಲಿ ಟ್ರೈನಿಂಗ್ ಎಂದು ಮನೆಯಲ್ಲಿ ಹೇಳುವುದು, ಬಾಲಿಗೆ ಹಾರಿ ಮದುವೆಯಾಗುವುದು, ಅಲ್ಲಿಂದ ನೇರವಾಗಿ ಯಮನೂರನಿಗೆ ಕೆಲಸ ಗೊತ್ತಾಗಿದ್ದ ಇನ್ನೊಂದು ರಾಜ್ಯದ ಊರಿಗೆ ಹೋಗಿ ಇಳಿಯುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಈ ಜಾಣತನದ ಬುಡದಲ್ಲೇ ಪೆದ್ದುತನವಿತ್ತು. ಪಾಸ್‌ಪೋರ್ಟಿಗೆ ನಾನು ಕೊಟ್ಟದ್ದು ಮನೆಯ ವಿಳಾಸ. ಒಂದು ಭಾನುವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಅಂಗಳದಲ್ಲಿ ಬೈಕ್ ನಿಂತಿತು. “ಪವಿತ್ರ ಅನ್ನೋರು ಯಾರು? ಪಾಸ್‌ಪೋರ್ಟ್ ವೆರಿಫಿಕೇಶನ್ನು” ಎಂದರು ಕಾನ್‌ಸ್ಟೇಬಲ್. ಗುಟ್ಟಾಗಿ ಊರು ಬಿಡಲು ಪೊಲೀಸರು ಮನೆಗೆ ಬಂದು ಹಿರಿಯರನ್ನು ವಿಚಾರಿಸಿ ಹೋಗಬೇಕು ಎಂಬ ನಿಯಮ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಜಗಲಿಯ ಮೇಲೆ ದೊಡ್ಡಪ್ಪ ಪೇಪರ್ ಓದುತ್ತಿದ್ದರು. ನನ್ನ ತಲೆಯಿಂದ ಇಳಿದದ್ದು ಎಣ್ಣೆಯೋ ಬೆವರೋ ತಿಳಿಯಲಿಲ್ಲ, ಕಿವಿಯ ಹಿಂದೆಲ್ಲ ಒದ್ದೆಯಾಯಿತು.

“ಯಾವ್ ದೇಸ್ಕವ್ವ ಓಗ್ತಿರೋದು?” ಎಂದರು ದೊಡ್ಡಪ್ಪ.

“ಆಫೀಸಿಂದ ಕಳಿಸ್ತಿದಾರೆ ದೊಡ್ಡಪ್ಪ. ಟ್ರೈನಿಂಗು. ಗೊತ್ತಾದ್ಮೇಲೆ ಹೇಳೋಣ ಅಂತಿದ್ದೆ.”

ದೊಡ್ಡಪ್ಪ ಪೇಪರ್ ಮಡಿಸಿಟ್ಟರು. ಆಮೇಲೆ ಅವರ ಮುಖ ಅರಳಿತು. “ನೋಡಿದ್ರಾ ಸಾ, ನಮ್ಮನೆ ಮಗ ಫಾರಿನ್ನಿಗೆ ಓಗ್ತೈತೆ! ತಂದೆ ಇಲ್ದಿರೋ ಮಗ. ನಾನೇ ಸಾಕಿದ್ದು” ಎಂದು ಕಾನ್‌ಸ್ಟೇಬಲ್ಲಿಗೆ ಕಾಫಿ ತರಿಸಿದರು. ನಡತೆ ಒಳ್ಳೆಯದು ಎಂಬುದಕ್ಕೆ ತಾವೇ ಮುಂದೆ ನಿಂತು ಅಕ್ಕಪಕ್ಕದವರಿಂದ ಸಾಕ್ಷಿ ಹೇಳಿಸಿದರು. ಬೀಳ್ಕೊಟ್ಟು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, “ಆ ಸುಜಿಗೂ ಇಂಗೆ ಒಸಿ ಬುದ್ದಿ ಇದ್ದಿದ್ರೆ…” ಎಂದು ಅರ್ಧಕ್ಕೆ ನಿಲ್ಲಿಸಿದರು. ಎಣ್ಣೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಮುಂದಿನದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಯೇ ಇಲ್ಲ. ನಮ್ಮಲ್ಲಿ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು, ಅಯ್ಯಪ್ಪನ ಮಾಲೆ ಹಾಕಿದರೂ ಫ್ಲೆಕ್ಸು. ಟ್ಯಾಂಕರ್ ನಿಲ್ಲುವ ಸರ್ಕಲ್ಲಿನಲ್ಲಿ ನನ್ನ ಮುಖ ಎದ್ದು ನಿಂತಿತು. ‘ವಿದೇಶಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಪುತ್ರಿ ಕುಮಾರಿ ಪವಿತ್ರ ಅವರಿಗೆ ಹಾರ್ದಿಕ ಶುಭಾಶಯಗಳು.’ ಮೇಲೆ ಒಂದು ವಿಮಾನ, ಪಕ್ಕದಲ್ಲಿ ನನಗಿಂತ ದೊಡ್ಡದಾಗಿ ಕೈಮುಗಿದ ದೊಡ್ಡಪ್ಪ, ಕೆಳಗೆ ಕಪ್ಪು ಕನ್ನಡಕದ ಶುಭಕೋರುವವರ ಸಾಲು. ಆ ಸಾಲಿನ ಒಂದೊಂದು ಮುಖವನ್ನೂ ನಾನು ಬಲ್ಲೆ. ನಾಳೆ ನನ್ನನ್ನು ಹುಡುಕಲು ಬೈಕ್ ಹತ್ತಬೇಕಾಗಿ ಬಂದರೆ ಹತ್ತುವವರು ಇವರೇ. ಗುಟ್ಟಾಗಿ ಓಡಿಹೋಗುವವಳಿಗೆ ಊರೇ ಶುಭ ಕೋರಿದ ಉದಾಹರಣೆ ಪುರಾಣದಲ್ಲೂ ಇರಲಾರದು. ಫೋಟೋ ಕಳಿಸಿದಾಗ ಯಮನೂರ ಮೊದಲು ನಕ್ಕ. ಆಮೇಲೆ “ಪವಿ, ಬ್ಯಾಡ ಅಂದ್ರ ಈಗಲೇ ಬ್ಯಾಡ ಅನ್ನು. ನಿನ್ನ ಜೀವ ಇದ್ರ ಸಾಕು ನನಗ” ಎಂದ. ನಾನು ಬೈದು ಫೋನ್ ಇಟ್ಟೆ. ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಮ್ಮ ಚಟ್ನಿಪುಡಿ ಕುಟ್ಟಿದಳು. ಹುರಿಟ್ಟು, ಕೋಡುಬಳೆ, ನಿಂಬೆಕಾಯಿ ಉಪ್ಪಿನಕಾಯಿ. “ಟ್ರೈನಿಂಗಲ್ಲಿ ಅನ್ನ ಹಾಕ್ತಾರೋ ಇಲ್ವೋ” ಎಂಬುದೊಂದೇ ಅವಳ ಚಿಂತೆ. ಅವಳಿಗೆ ಹೇಳಿದ್ದರೆ ಅವಳು ತಡೆಯುತ್ತಿರಲಿಲ್ಲ, ನನಗೆ ಗೊತ್ತು. ಆದರೆ ಆಮೇಲೆ ಅಂಗಳದಲ್ಲಿ ಉಳಿಯುವವಳು ಅವಳೇ. ಏನೂ ಗೊತ್ತಿರಲಿಲ್ಲ ಎಂದು ದೊಡ್ಡಪ್ಪನ ಮುಂದೆ ಆಣೆಯಿಡಬೇಕಾದಾಗ ಅವಳ ಆಣೆ ಸತ್ಯವಾಗಿರಲಿ ಎಂದು ಬಾಯಿ ಕಟ್ಟಿಕೊಂಡೆ. ಮಗಳಾಗಿ ನಾನು ಅವಳಿಗೆ ಮಾಡಿದ ಉಪಕಾರ ಅದು. ಎಂಥ ದರಿದ್ರ ಉಪಕಾರ ನೋಡಿ.

ಹೊರಡುವ ದಿನ ಟೆಂಪೋ ಟ್ರಾವೆಲರ್ ಬಂತು. ಇಡೀ ಅಂಗಳ ಏರ್‌ಪೋರ್ಟಿಗೆ ಹೊರಟಿತು. ಯಾರೂ ನಿರೀಕ್ಷಿಸದಿದ್ದದ್ದು ದೊಡ್ಡಮ್ಮ ಹತ್ತಿದ್ದು. ಸುಜಾತಳ ಅಮ್ಮ. ಮಗಳು ಹೋದ ಮೇಲೆ ಆಕೆ ಒಂದು ನಾಮಕರಣಕ್ಕೂ ಮನೆಯಿಂದ ಹೊರಬಿದ್ದಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಆಕೆ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು.

ಏರ್‌ಪೋರ್ಟಿನ ಬಾಗಿಲಲ್ಲಿ ದೊಡ್ಡಪ್ಪ ನನಗೆ ಸೇವಂತಿಗೆ ಹಾರ ಹಾಕಿದರು. ತೆಂಗಿನಕಾಯಿ ಒಡೆಯಲು ಹೊರಟವರನ್ನು ಸೆಕ್ಯೂರಿಟಿಯವರು ತಡೆದರು. ಆಚೆ ಕಂಬದ ಹತ್ತಿರ ನೀಲಿ ಅಂಗಿಯ ಯಮನೂರ ಬ್ಯಾಗ್ ಹಿಡಿದು, ನನ್ನನ್ನು ಹುಟ್ಟಿದಾಗಿನಿಂದ ನೋಡಿಯೇ ಇಲ್ಲದವನಂತೆ ನಿಂತಿದ್ದ. ನಮ್ಮ ಹುಡುಗರಿಗೆ ಎಲ್ಲರೂ ಬರುವಂತೆ ಒಂದು ಫೋಟೋ ಬೇಕಾಯಿತು. ಒಬ್ಬ ಸೀದಾ ಹೋಗಿ, “ಅಣ್ಣಾ, ಒಂದ್ ಫೋಟೋ ಹೊಡೀರಿ ಪ್ಲೀಸ್” ಎಂದು ಅವನ ಕೈಗೇ ಫೋನ್ ಇಟ್ಟ.

ಯಮನೂರ ಬಂದ. “ಎಲ್ಲಾರೂ ಸ್ವಲ್ಪ ಹತ್ರ ಬರ್ರಿ” ಎಂದ.

ಮಾತು ಕೇಳಿದ್ದೇ ದೊಡ್ಡಪ್ಪ, “ಯಾವ್ ಕಡೆಯೋರಪ್ಪಾ?” ಎಂದರು.

“ರಾಯಚೂರ ಕಡೆ ರೀ.”

“ಓ! ನಿಮ್ ಕಡೆಯೋರೇ ಕಣಪ್ಪ ನಮ್ ಬಿಲ್ಡಿಂಗ್ ಕಟ್ಟಿದ್ದು. ಒಳ್ಳೆ ಗಟ್ಟಿ ಕೆಲ್ಸ ಮಾಡ್ತೀರ!”

“ಹೌದ್ರೀ” ಎಂದ ಯಮನೂರ. ಫೋಟೋ ತೆಗೆದ. ನನ್ನ ಮದುವೆಯ ದಿಬ್ಬಣದ ಫೋಟೋ ಅದೊಂದೇ, ತೆಗೆದವನು ಮದುಮಗ. ಫೋನ್ ವಾಪಸ್ ಕೊಟ್ಟು ಅವನು ಕಂಬದ ಹತ್ತಿರಕ್ಕೆ ಹೋದ. ನನ್ನ ಕಣ್ಣು ಅವನ ಹಿಂದೆಯೇ ಹೋಯಿತು. ಹಿಡಿದು ತಂದೆ, ಮತ್ತೆ ಹೋಯಿತು. ಆಗ ದೊಡ್ಡಮ್ಮ ನನ್ನೆದುರು ಬಂದು ನಿಂತಳು. ಕುಂಕುಮ ಇಡುವವಳಂತೆ ಗಲ್ಲ ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿಕೊಂಡಳು.

“ಅತ್ಲಾಗೆ ನೋಡ್ಬ್ಯಾಡ” ಎಂದಳು, ನನಗೊಬ್ಬಳಿಗೇ ಕೇಳುವಂತೆ. “ಇವ್ರು ಕಂಡ್ಕೊಂಡ್ಬಿಡ್ತಾರೆ. ನಮ್ ಸುಜಿನೂ ಮದ್ವೆ ಮನೇಲಿ ಇಂಗೇ ತಿರುಗ್ ತಿರುಗಿ ನೋಡ್ತಿದ್ಲು. ಅವತ್ತು ಕಂಡೋಳು ನಾನೇ. ನಿಮ್ ದೊಡ್ಡಪ್ಪಂಗೆ ಏಳಿದ್ದೂ ನಾನೇ.”

ಅವಳು ನಿಧಾನವಾಗಿ ಕುಂಕುಮ ಇಟ್ಟಳು, ಹಾರ ಸರಿ ಮಾಡಿದಳು.

“ಇವತ್ತು ಏಳಾಕಿಲ್ಲ. ನಡಿ, ಓಗು.”

ಆಮೇಲೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ, “ಒತ್ತಾಯ್ತು ಕಣವ್ವಾ, ವಿಮಾನ ಬಿಟ್ಬಿಡ್ತೈತೆ” ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆ ದೂಡಿದಳು. ದೊಡ್ಡಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಈಗ ನಾವಿರುವ ಊರಿನ ಹೆಸರು ಬರೆಯುವುದಿಲ್ಲ, ಕಾರಣ ನಿಮಗೆ ಗೊತ್ತು. ಅಮ್ಮ ಯಾವಾಗಲೋ ಒಮ್ಮೆ ಅಂಗಡಿಯ ಫೋನಿನಿಂದ ಮಾತಾಡುತ್ತಾಳೆ. ದೊಡ್ಡಮ್ಮನ ಬಗ್ಗೆ ಕೇಳಿದರೆ ಮಾತು ಮರೆಸುತ್ತಾಳೆ. ಕಡಲತೀರದ ಮದುವೆ ಚೆನ್ನಾಗಿತ್ತು, ಬಿಳಿ ಹೂವೂ ಇತ್ತು. ಇಲ್ಲಿಯ ನೆರೆಮನೆಯ ಕನ್ನಡದಾಕೆ ಆ ಫೋಟೋಗಳನ್ನೆಲ್ಲ ನೋಡಿ, “ಅಯ್ಯೋ ಪಾಪ, ಹೆಣ್ಣೊಪ್ಪಿಸೋ ಶಾಸ್ತ್ರಕ್ಕೆ ನಿಮ್ಮೋರು ಒಬ್ರೂ ಇರ್ಲಿಲ್ವಾ?” ಎಂದು ಮರುಗಿದಳು. ನಮ್ಮ ಮದುವೆಗಳಲ್ಲಿ ಎಲ್ಲ ಮುಗಿದ ಮೇಲೆ ಹೆತ್ತವಳು ಮಗಳ ಕೈಯನ್ನು ಇನ್ನೊಂದು ಮನೆಯವರ ಕೈಯಲ್ಲಿಟ್ಟು ಅಳುತ್ತಾಳಲ್ಲ, ಅದು.

ಇದ್ದರು, ಎಂದೆ. ಆದರೆ ದೊಡ್ಡಮ್ಮ ಆವತ್ತು ಒಪ್ಪಿಸಿದ್ದು ನನ್ನನ್ನೋ ಸುಜಾತಳನ್ನೋ ಎಂಬುದು ಮಾತ್ರ ನನಗೆ ತಿಳಿಯದು.